ಅಪ್ಪ 800 ಮೀಟರಿನಲ್ಲಿ ಎಷ್ಟನೇದು ಬಂದದ್ದು? ಆ ಕಾಲಕ್ಕೆ ಮೈಸೂರಿನಲ್ಲಿ ಓಡಿದವರು ಯಾರಾದರೂ ಇದ್ದೀರಾ?

ಡೊಂಬಿವಲಿ ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡು ಬರುವ ತಿಂಗಳಿಗೆ ಒಂದು ವರ್ಷ. ವರ್ಷಾಂತಿಕ ಊರಲ್ಲಿ, ಉಡುಪಿ ಕಡೆ. ಅದು ಹೇಗೂ ನಡೆಯುತ್ತದೆ. ಇಲ್ಲಿ, ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮ ಕನ್ನಡ ಸಂಘದ ಕ್ರೀಡಾಕೂಟಕ್ಕೆ ಅಪ್ಪನ ಹೆಸರಿನಲ್ಲಿ ಒಂದು ದತ್ತಿ ಬಹುಮಾನ ಇಡೋಣ ಅಂತ ನಾನೂ ತಮ್ಮನೂ ಮಾತಾಡಿಕೊಂಡೆವು. 800 ಮೀಟರ್ ಓಟಕ್ಕೆ. ಅಪ್ಪ ಕಾಲೇಜಿನಲ್ಲಿ ಓಡುತ್ತಿದ್ದದ್ದು ಅದನ್ನೇ. ಸಂಘದವರು ಒಪ್ಪಿದರು. "ಆಮಂತ್ರಣ ಪತ್ರಿಕೆಗೆ ಅವರ ಬಗ್ಗೆ ನಾಲ್ಕು ಸಾಲು ಬರೆದು ಕೊಡಿ" ಅಂದರು.

ಆ ನಾಲ್ಕು ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಅಪ್ಪ ಉಡುಪಿಯಲ್ಲಿ ಬಿ.ಕಾಂ. ಓದಿದ್ದು. ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಅದಕ್ಕೂ ಮುಂಚೆ ನಮ್ಮ ಕಡೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹಾಗಾಗಿ ಅಂತರ ಕಾಲೇಜು ಕ್ರೀಡಾಕೂಟಕ್ಕೆ ಮೈಸೂರಿಗೆ ಹೋಗಬೇಕಿತ್ತು. 1975ರಲ್ಲಿ ಅಪ್ಪ ಹೋಗಿದ್ದರು. ರಾತ್ರಿಯಿಡೀ ಬಸ್ಸು, ಸಂಪಾಜೆ ಘಾಟಿಯಲ್ಲಿ ವಾಂತಿ, ಬೆಳಿಗ್ಗೆ ಇಳಿದು ಎರಡು ಇಡ್ಲಿ ತಿಂದು ಹೀಟ್ಸ್, ಅಂದರೆ ಫೈನಲಿಗೆ ಆರಿಸುವ ಓಟ. ಸೀನಿಯರ್ ಒಬ್ಬರಿಂದ ಕಡ ತಂದ ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಬೂಟು), ಒಂದು ಸೈಜ್ ದೊಡ್ಡದು, ಮುಂದೆ ಹತ್ತಿ ತುರುಕಿದ್ದು. ಈ ಕಥೆ ನಾವು ಎಷ್ಟು ಸಲ ಕೇಳಿದ್ದೇವೆ ಅಂದರೆ ಘಾಟಿಯ ತಿರುವುಗಳು ನಮಗೂ ಬಾಯಿಪಾಠ.

ಫೈನಲಿನಲ್ಲಿ ಅಪ್ಪ ಎರಡನೇದು ಬಂದರು. 1 ನಿಮಿಷ 58.3 ಸೆಕೆಂಡ್. ಇದು ನಾನೂ ತಮ್ಮನೂ ಕೇಳಿಕೊಂಡು ಬೆಳೆದದ್ದು.

ಮೊನ್ನೆ ಇದನ್ನೇ ಬರೆದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿ "ಎರಡನೇದಾ? ನನಗೆ ಮದುವೆಗೆ ಮುಂಚೆ ಹೇಳಿದ್ದು ಮೂರನೇದು ಅಂತ" ಅಂದಳು. ಪಕ್ಕದಲ್ಲಿ ಕೂತಿದ್ದ ನನ್ನ ಏಳು ವರ್ಷದ ಮಗಳು "ಅಜ್ಜ ಫಸ್ಟ್ ಬಂದದ್ದಲ್ವಾ?" ಅಂದಳು. ಸ್ಕೂಲಿನಲ್ಲಿ ಹಾಗೇ ಬರೆದೂ ಕೊಟ್ಟಿದ್ದಾಳಂತೆ, ಸ್ಟಾರ್ ಕೂಡ ಸಿಕ್ಕಿದೆ. ಅಂದರೆ ಅಪ್ಪ ತಲೆಮಾರಿಗೆ ಒಂದೊಂದು ಸ್ಥಾನ ಮೇಲೆ ಹತ್ತಿದ್ದಾರೆ.

ಸರ್ಟಿಫಿಕೇಟ್ ಊರ ಮನೆಯ ಮರದ ಪೆಟ್ಟಿಗೆಯಲ್ಲಿತ್ತು. ಗೆದ್ದಲು ಹಿಡಿದು ಯಾವತ್ತೋ ಮಣ್ಣಾಯಿತು.

ಆ ವರ್ಷ ಮೈಸೂರಿಗೆ ಹೋದವರು ಇಲ್ಲಿ ಯಾರಾದರೂ ಇದ್ದೀರಾ? ಇಲ್ಲದಿದ್ದರೆ, ಓಟದ ಬಗ್ಗೆ ಗೊತ್ತಿರುವವರು ಇಷ್ಟಾದರೂ ಹೇಳಿ: ಆ ಕಾಲಕ್ಕೆ 1.58 ನಂಬುವ ಹಾಗಿದೆಯಾ?

ಪೀಟಿ ಮಾಷ್ಟ್ರು, ಸಾಯನ್

ಅಮ್ಮಾ, ಮೊದಲಿಗೆ ನಿಮ್ಮ ತಂದೆಯವರಿಗೆ ನಮಸ್ಕಾರ. ಮೂವತ್ತು ವರ್ಷ ಮಕ್ಕಳನ್ನು ಓಡಿಸಿದವನು ನಾನು, ಈಗ ರಿಟೈರ್ಡ್. ಗೊತ್ತಿದ್ದಷ್ಟು ಹೇಳುತ್ತೇನೆ.

1.58 ನಂಬುವ ಹಾಗಿದೆ. ಕಾಲೇಜು ಹುಡುಗರಲ್ಲಿ ಎರಡು ನಿಮಿಷದ ಒಳಗೆ ಬಂದರೆ ಅವನು ಓಟಗಾರ, ಹೊರಗಿದ್ದರೆ ಓಡುವವನು. ನಾವು ಹಾಗೇ ಹೇಳುತ್ತಿದ್ದೆವು. ಆಗ ಈಗಿನ ಹಾಗೆ ರಬ್ಬರಿನ ಟ್ರ್ಯಾಕ್ ಇಲ್ಲ. ಬೂದಿ ಹಾಕಿ ರೋಲರ್ ಹೊಡೆದ ಸಿಂಡರ್ ಟ್ರ್ಯಾಕ್, ಇಲ್ಲವೇ ಮಣ್ಣು. ಮಳೆ ಬಂದರೆ ಕಾಲು ಎಳೆಯುತ್ತದೆ. ಆ ನೆಲದಲ್ಲಿ 1.58 ಅಂದರೆ ಇವತ್ತಿನ ಟ್ರ್ಯಾಕಿನಲ್ಲಿ ಇನ್ನೂ ಒಂದೆರಡು ಸೆಕೆಂಡ್ ಕಡಿಮೆ ಅಂತ ಇಟ್ಟುಕೊಳ್ಳಿ.

ಅಳತೆಗೆ ಒಂದು ಹೋಲಿಕೆ. ಮರುವರ್ಷ, 1976ರಲ್ಲಿ, ಮಾಂಟ್ರಿಯಲ್ ಒಲಿಂಪಿಕ್ಸ್ ಫೈನಲಿನಲ್ಲಿ ನಮ್ಮ ಶ್ರೀರಾಮ್ ಸಿಂಗ್ ಓಡಿದ್ದು 1 ನಿಮಿಷ 45.77 ಸೆಕೆಂಡ್. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದದ್ದು ಅವರೇ. ಕೊನೆಗೆ ಏಳನೆಯವರಾದರು, ಗೆದ್ದದ್ದು ಕ್ಯೂಬಾದ ಹ್ವಾಂಟೊರೀನಾ. ಆದರೆ ಆ 1.45.77 ನಮ್ಮ ದೇಶದ ದಾಖಲೆಯಾಗಿ 2018ರ ತನಕ ಹಾಗೇ ಕೂತಿತ್ತು, 42 ವರ್ಷ! ಆ ಲೆಕ್ಕಕ್ಕೆ ನಿಮ್ಮ ತಂದೆ ಅವರಿಗಿಂತ ಸುಮಾರು 85 ಮೀಟರ್ ಹಿಂದೆ. ದೇಶದ ದಾಖಲೆಗೂ ಜಿಲ್ಲೆಯ ಹುಡುಗನಿಗೂ ಇಷ್ಟು ದೂರ ಇರುವುದು ಸಹಜ.

ನನಗೆ ತಲೆಬಿಸಿ ಮಾಡಿದ್ದು ಆ ಕೊನೆಯ "ಮೂರು". ಆಗಿನ ಕೀಲಿ ಕೊಡುವ ಸ್ಟಾಪ್‌ವಾಚ್‌ಗಳಲ್ಲಿ ಹೆಚ್ಚಿನವು ಸೆಕೆಂಡಿಗೆ ಐದು ಸಲ ಟಿಕ್ ಅನ್ನುವಂಥವು. ಅದರಲ್ಲಿ 58.2 ಬರುತ್ತದೆ, 58.4 ಬರುತ್ತದೆ. 58.3 ಬರುವುದೇ ಇಲ್ಲ. ಹತ್ತು ಟಿಕ್‌ನ ವಾಚ್ ಇರಲಿಲ್ಲ ಅಂತಲ್ಲ. ಆದರೂ ಸುಮ್ನೆ ಹೇಳಿದೆ.

ಡೊಂಬಿವಲಿ ಮಗಳು

ಮಾಷ್ಟ್ರೇ, ನಗು ಬಂತು. ಅಪ್ಪನ ಹತ್ತಿರವೂ ಒಂದು ಅಂಥದ್ದೇ ವಾಚ್ ಇತ್ತು. ಮುಂಬಯಿಗೆ ಬಂದ ಹೊಸದರಲ್ಲಿ ಚೋರ್ ಬಜಾರಿನಲ್ಲಿ ಕೊಂಡದ್ದು. ಈಗ ನನ್ನ ಮೇಜಿನ ಮೇಲಿದೆ. ಎದ್ದು ಹೋಗಿ ನೋಡಿದೆ. ಹೌದು, ಎರಡು ಸೆಕೆಂಡಿನ ನಡುವೆ ಐದೇ ಮನೆ. ಮೊದಲೆಲ್ಲ ಅಪ್ಪ 58.4 ಅನ್ನುತ್ತಿದ್ದ ನೆನಪು. ಯಾವಾಗಲೋ 58.3 ಆಯಿತು. ಮೇಲಿನ ಗುಂಡಿಯ ಹತ್ತಿರ ಬೆಳ್ಳಿ ಬಣ್ಣ ಸವೆದು ಹಿತ್ತಾಳೆ ಕಾಣುತ್ತದೆ, ಅಪ್ಪನ ಹೆಬ್ಬೆರಳು ಕೂರುವ ಜಾಗದಲ್ಲಿ. ಕುತ್ತಿಗೆಗೆ ಹಾಕಿಕೊಳ್ಳಲು ಕಟ್ಟಿದ್ದು ಅಮ್ಮನ ಹಳೇ ಲಂಗದ ಲಾಡಿ.

ಶ್ರೀರಾಮ್ ಸಿಂಗ್ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮನೆಯಲ್ಲಿ ಅವರ ಹೆಸರು ನೆಂಟರ ಹೆಸರಿನ ಹಾಗೆ ಓಡಾಡುತ್ತಿತ್ತು. ಏಷ್ಯನ್ ಗೇಮ್ಸ್ ಬಂದಾಗಲೆಲ್ಲ ಪೇಪರ್ ಮಡಚಿ "ಶ್ರೀರಾಮನ ರೆಕಾರ್ಡ್ ಇನ್ನೂ ಉಂಟು" ಅನ್ನೋರು. 2018ರಲ್ಲಿ ಜಿನ್ಸನ್ ಜಾನ್ಸನ್ 1.45.65 ಓಡಿ ಮುರಿದ ದಿನ ಫ್ಯಾಮಿಲಿ ಗ್ರೂಪಿಗೆ ಒಂದೇ ಸಾಲು ಹಾಕಿದ್ದರು: "ಹೋಯಿತು." ಯಾರಿಗೋ ಏನೋ ಆಯಿತು ಅಂತ ಅತ್ತೆ ಊರಿಂದ ಗಾಬರಿಯಲ್ಲಿ ಫೋನ್ ಮಾಡಿದ್ದರು.

ಚೆಕ್‌ನಾಕಾ ಚೆನ್ನ, ಮುಲುಂಡ್

ಅಕ್ಕ, ಬೇಜಾರು ಮಾಡ್ಕೋಬೇಡಿ. ಇಷ್ಟೊಂದು ತನಿಖೆ ಯಾಕೆ? ಎರಡನೇದು ಅಂತ ಹಾಕಿಬಿಡಿ. ಮೈಸೂರು ವಿಶ್ವವಿದ್ಯಾಲಯದವರು ಬಂದು ಕೇಳ್ತಾರಾ? ಅವರು ಹಾಗೆ ಹೇಳಿಕೊಂಡು ಬದುಕಿದರು, ಹಾಗೇ ಇರಲಿ.

ಪೀಟಿ ಮಾಷ್ಟ್ರು, ಸಾಯನ್

ಒಪ್ಪಲ್ಲ. ನಿಜವಾಗಿ ಎರಡನೇದು ಬಂದವನೂ ಎಲ್ಲೋ ಇದ್ದಾನಲ್ಲ. ಅವನಿಗೂ ಮಕ್ಕಳಿರಬಹುದು.

ಬಿ ವಿಂಗ್ ಹುಡುಗ, ಈಗ ಠಾಣೆ

ಅಕ್ಕ, ನಾನು ನಿಮ್ಮದೇ ಬಿಲ್ಡಿಂಗಿನವನು, ಗುರುತು ಸಿಕ್ಕಿರಬಹುದು. ನಿಮ್ಮ ಅಪ್ಪನನ್ನು ನಾವು ಎಂಟು ಹತ್ತು ಹುಡುಗರು ಅಂಕಲ್ ಅಂತಿರಲಿಲ್ಲ, ಸರ್ ಅಂತಿದ್ದೆವು. ಬೆಳಿಗ್ಗೆ ಐದೂಕಾಲಿಗೆ ಮೈದಾನ. ತಡವಾದರೆ ಬೈಯುತ್ತಿರಲಿಲ್ಲ. ವಾಚ್ ತೋರಿಸುತ್ತಿದ್ದರು, ಅಷ್ಟೇ. ಏಳು ಗಂಟೆಗೆ ಮನೆಗೆ ಓಡಿ ಸ್ನಾನ ಮಾಡಿ ಡಬ್ಬಾ ಹಿಡಿದು ಫಾಸ್ಟ್ ಲೋಕಲ್‌ಗೆ ಹೋಗೋರು. ಆ ಹೊತ್ತಿಗೆ ಡೊಂಬಿವಲಿಯಲ್ಲಿ ಟ್ರೇನ್ ಹತ್ತುವುದು ಏನು ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಒಂದು ರೂಪಾಯಿ ತಗೊಂಡವರಲ್ಲ. ನಮ್ಮಲ್ಲಿ ಅರ್ಧ ಜನ ಮರಾಠಿಗರು. ಅವರ ಹತ್ತಿರ ಸರ್ ಮಾತಾಡುತ್ತಿದ್ದ ಮರಾಠಿ ಕೇಳಲು ಬಲು ಮಜವಾಗಿತ್ತು.

ಓಟದ ಬಗ್ಗೆ ಒಂದೇ ಪಾಠ. ಮೊದಲ ಸುತ್ತು ಬಾಯಿ ಮುಚ್ಚಿ ಓಡಬೇಕು. ಬಾಯಿ ತೆರೆದುಕೊಂಡರೆ ಜೋರಾಯಿತು ಅಂತ ಲೆಕ್ಕ. ಬಾಯಿ ತೆರೆಯಲು ಎರಡನೇ ಸುತ್ತಿನಲ್ಲಿ ಪರ್ಮಿಷನ್.

ಇನ್ನೊಂದು ಆಗ ಅರ್ಥವಾಗಿರಲಿಲ್ಲ. ಎಲ್ಲ ಕೋಚ್‌ಗಳೂ ಫಿನಿಶ್ ಲೈನಿನಲ್ಲಿ ನಿಲ್ಲುತ್ತಾರೆ. ಸರ್ ನಿಲ್ಲುತ್ತಿರಲಿಲ್ಲ. ಮೈದಾನದ ಆಚೆ ಬದಿ, ಎರಡನೇ ಸುತ್ತಿನ ಹಿಂದಿನ ನೇರ ದಾರಿ ಇದೆಯಲ್ಲ, 500ರಿಂದ 600 ಮೀಟರ್ ಆಗುವ ಜಾಗ, ಅಲ್ಲಿ ಒಂದು ಗುಲ್‌ಮೊಹರ್ ಮರದ ಕೆಳಗೆ ನಿಂತಿರೋರು. ನಾವು ಹತ್ತಿರ ಬಂದಾಗ ಒಂದೇ ಮಾತು: "ಇಲ್ಲಿ, ಇಲ್ಲಿ, ಇಲ್ಲಿ." ಕೊನೆಗೆ ಗೆದ್ದೆವೋ ಸೋತೆವೋ ಅಂತ ಅವರಿಗೆ ಅಲ್ಲಿಂದ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ನಾವೇ ಹೋಗಿ ಹೇಳಬೇಕಿತ್ತು.

ಡೊಂಬಿವಲಿ ಮಗಳು

ಗುರುತು ಸಿಕ್ಕಿತು! ನಮ್ಮ ಮನೆಯಿಂದ ನೀನು ಒಯ್ದ ಸೈಕಲ್ ಪಂಪು ಇನ್ನೂ ಬಂದಿಲ್ಲ.

ನಾನು ಮಾತ್ರ ಓಡುತ್ತಿರಲಿಲ್ಲ. ನನಗೆ ಓಟ ಅಂದರೆ ಆಗದು. ಅಪ್ಪ ಒಂದು ದಿನವೂ ಒತ್ತಾಯ ಮಾಡಲಿಲ್ಲ, ವಾಚ್ ಕೊಟ್ಟು ನಿಲ್ಲಿಸಿದರು. ಹತ್ತು ವರ್ಷದ ಹುಡುಗಿಗೆ ಅದು ದೊಡ್ಡ ಅಧಿಕಾರ.

ನೆನಪಾದದ್ದು ಬರೆದುಬಿಡುತ್ತೇನೆ. 2004ರಲ್ಲಿ ಮುಂಬಯಿ ಮ್ಯಾರಥಾನ್ ಶುರುವಾದಾಗ ಆಫೀಸಿನವರೆಲ್ಲ ಅಪ್ಪನ ಹಿಂದೆ ಬಿದ್ದರು, ನೀವು ಅಥ್ಲೀಟ್ ಅಲ್ವಾ, ಓಡಿ ಅಂತ. ಅಪ್ಪ ಹೋಗಲಿಲ್ಲ. "42 ಕಿಲೋಮೀಟರ್ ಓಟ ಅಲ್ಲ ಮಾರಾಯ್ರೆ, ಅದು ತೀರ್ಥಯಾತ್ರೆ" ಅಂದರಂತೆ. 800ರವರಿಗೆ ಸ್ವಲ್ಪ ಅಹಂಕಾರ ಇರುತ್ತದೆ ಅನಿಸುತ್ತದೆ.

ಮರುವರ್ಷ ಆ ಯಾತ್ರೆಯೂ ಆಯಿತು. 2005, ಜುಲೈ 26. ನಾನು ಮಾಟುಂಗಾದಲ್ಲಿ ಕಾಲೇಜಿನಲ್ಲಿದ್ದೆ. ಅವತ್ತು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದರೆ ಕೊಲಾಬಾದಲ್ಲಿ ಬರೀ 73. ಅಪ್ಪನ ಆಫೀಸು ಕೊಲಾಬಾ ಪಕ್ಕದ ಫೋರ್ಟ್‌ನಲ್ಲಿ. ಅಲ್ಲಿ ಅದು ದಿನದ ಮಳೆ, ಚಹಾ ಪಕೋಡ ಮಳೆ. ಟ್ರೇನ್ ನಿಂತಿದೆ ಅಂತ ಗೊತ್ತಾದದ್ದು ಸಂಜೆ. ಫೋನ್ ಇಲ್ಲ. ಅಪ್ಪ ನಡೆದರು. ಭಾಯಖಳಾ, ಪರೇಲ್, ದಾದರ್ ದಾಟಿ, ಹತ್ತು ಹನ್ನೊಂದು ಕಿಲೋಮೀಟರ್. ಕಿಂಗ್ಸ್ ಸರ್ಕಲ್ ಹತ್ತಿರ ಸೊಂಟದ ತನಕ ನೀರು. ನಾವು ಹುಡುಗಿಯರು ಕಾಲೇಜಿನ ಮೊದಲ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದೆವು. ರಾತ್ರಿ ಹತ್ತೂವರೆಗೆ ಕೆಳಗಿನಿಂದ ಒಂದು ಟಾರ್ಚ್. ಪ್ಯಾಂಟ್ ಮಡಚಿ, ಚಪ್ಪಲಿ ಕೈಯಲ್ಲಿ, ತಲೆಗೆ ಆಫೀಸಿನ ಪ್ಲಾಸ್ಟಿಕ್ ಚೀಲ. ನನ್ನನ್ನು ನೋಡಿ "ಊಟ ಆಯ್ತಾ?" ಅಂದರು. ಅವರು ಲೆಕ್ಕ ಬರೆಯುತ್ತಿದ್ದ ಹೋಟೆಲ್ ಮಾಟುಂಗಾದಲ್ಲೇ ಇತ್ತು. ನಮ್ಮನ್ನೆಲ್ಲ, ಒಟ್ಟು ಆರು ಹುಡುಗಿಯರನ್ನು, ಅಲ್ಲಿಗೆ ಕರೆದುಕೊಂಡು ಹೋಗಿ ಮೇಲಿನ ಕೋಣೆಯಲ್ಲಿ ಮಲಗಿಸಿ, ತಾವು ಕೆಳಗೆ ಗಲ್ಲಾದ ಹತ್ತಿರ ಕುರ್ಚಿಯಲ್ಲಿ ಕೂತರು. ಆಗ ಅವರಿಗೆ ಐವತ್ತು ದಾಟಿತ್ತು.

ಚೆಕ್‌ನಾಕಾ ಚೆನ್ನ, ಮುಲುಂಡ್

ಅಕ್ಕ, ನಾಲ್ಕು ಸಾಲಿಗೆ ಇದೇ ಸಾಕಲ್ವಾ? ಎಷ್ಟನೇದು ಬಂದರೇನು.

ತಮ್ಮ, ಪುಣೆ

ಇವಳ ತಮ್ಮ ನಾನು. ಇಲ್ಲಿ ಬರೆಯೋದು ಬೇಡ ಅಂತಿದ್ದೆ. ಆದರೆ ವಾಚಿನ ಮಾತು ಬಂತು, ಅಕ್ಕ ಅರ್ಧ ಹೇಳಿ ಬಿಟ್ಟಿದ್ದಾಳೆ.

ಚಿಕ್ಕವನಿದ್ದಾಗ ನನಗೆ ದಮ್ಮು. ಮಳೆಗಾಲ ಶುರುವಾದರೆ ರಾತ್ರಿ ನಿದ್ದೆ ಇಲ್ಲ. ಒನ್ ರೂಮ್ ಕಿಚನ್ ಮನೆ, ಗೋಡೆಯಲ್ಲಿ ಪಾಚಿ. ಅಪ್ಪ ಹೋಟೆಲಿನ ಲೆಕ್ಕ ಮುಗಿಸಿ ಕೊನೇ ಟ್ರೇನಿನಲ್ಲಿ ಬರುವಾಗ ರಾತ್ರಿ ಒಂದು ಗಂಟೆ. ಬಂದವರೇ ಕೈಕಾಲು ತೊಳೆದು ನನ್ನ ಪಕ್ಕ ಕೂರೋರು. ಡಾಕ್ಟರ್ ಹೇಳಿಕೊಟ್ಟಿದ್ದರು: ಈ ವಯಸ್ಸಿನ ಮಗು ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 40ಕ್ಕಿಂತ ಜಾಸ್ತಿ ಉಸಿರಾಡಿದರೆ ಕಾಯಬೇಡಿ, ಕರೆದುಕೊಂಡು ಬನ್ನಿ, ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಪೂರ್ತಿ ನಿಮಿಷ ಎಣಿಸಿ. ಅಪ್ಪ ನನ್ನ ಅಂಗಿ ಮೇಲೆತ್ತಿ, ಆ ಸ್ಟಾಪ್‌ವಾಚ್ ಒತ್ತಿ, ಹೊಟ್ಟೆ ಏರೋದು ಇಳಿಯೋದು ನೋಡುತ್ತಾ ಎಣಿಸೋರು. ಮುಳ್ಳು ಒಂದು ಸುತ್ತು ಬಂದರೆ ಒಂದು ನಿಮಿಷ. ಗೋಡೆ ಕ್ಯಾಲೆಂಡರಿನಲ್ಲಿ ತಾರೀಕಿನ ಪಕ್ಕ ಪೆನ್ಸಿಲಿನಲ್ಲಿ ಬರೆಯೋರು. 34, 36, 38. ಕ್ಯಾಲೆಂಡರಿನ ಇನ್ನೊಂದು ಮೂಲೆಯಲ್ಲಿ ಬಿ ವಿಂಗ್ ಹುಡುಗರ 400 ಮೀಟರಿನ ಟೈಮು. ಎರಡೂ ಒಂದೇ ಪೆನ್ಸಿಲು.

ಎರಡು ಸಲ 40 ದಾಟಿತ್ತು. ಎರಡೂ ಸಲ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದರು. ಆ ಹೊತ್ತಿಗೆ ರಿಕ್ಷಾ ಸಿಗುತ್ತಿರಲಿಲ್ಲ. ಅವರ ಬಾಯಿ ಮುಚ್ಚಿತ್ತು. ಮೂಗಿನಿಂದ ಉಸಿರಾಡುವ ಸದ್ದು ಕಿವಿಯ ಹತ್ತಿರ ಕೇಳುತ್ತಿತ್ತು. ಅದೊಂದು ನೆನಪಿದೆ.

ಎಷ್ಟನೇದು ಅನ್ನೋದರಲ್ಲಿ ನಾನು ಅಕ್ಕನ ಕಡೆ. ಗೊತ್ತಾಗಬೇಕು.

ಕಾಪು ಲೈಟ್‌ಹೌಸ್, ಮಡಗಾಂವ್

ಮಗಳೇ, ನಾನು ಗೋವಾದಲ್ಲಿ ಹೋಟೆಲ್ ಇಟ್ಟುಕೊಂಡು ನಲವತ್ತು ವರ್ಷ ಆಯಿತು. ಈ ಫೋನು ಗೀನು ನನಗೆ ಬರೋದಿಲ್ಲ. ನಾನು ಹೇಳುತ್ತಿದ್ದೇನೆ, ಮಗ ಬರೆಯುತ್ತಿದ್ದಾನೆ. ನಿನ್ನೆ ಅವನೇ ಇದನ್ನೆಲ್ಲ ಓದಿ ಹೇಳಿದ. ಹತ್ತಿ ತುರುಕಿದ ಸ್ಪೈಕ್ಸ್ ಅಂದ ಕೂಡಲೇ ನಿಲ್ಲಿಸು ಅಂದೆ.

ಆ ವರ್ಷ ಮೈಸೂರಿನ ಓವಲ್ ಮೈದಾನದಲ್ಲಿ ನಾನೂ ಓಡಿದ್ದೆ. ಅದೇ ಬಸ್ಸು. ನಿಮ್ಮ ಅಪ್ಪನಿಗೆ ವಾಂತಿಯಾದದ್ದು ನನ್ನ ಚಾಪೆಯ ಮೇಲೆ.

ನಿನ್ನ ಅಮ್ಮ ಹೇಳಿದ್ದು ಸರಿ. ಮೂರನೇದು. ನನಗೆ ಹೇಗೆ ಅಷ್ಟು ಖಚಿತ ಅಂದರೆ ನಾಲ್ಕನೇದು ಬಂದವನು ನಾನು. ಕೊನೆಯ ನೂರು ಮೀಟರ್ ಪೂರ್ತಿ ಅವನ ಬೆನ್ನು ನೋಡಿದ್ದೇನೆ. ಬನಿಯನ್ನಿನ ಹಿಂದೆ ಎಡಗಡೆ ಒಂದು ತೂತು ಇತ್ತು. ಐವತ್ತು ವರ್ಷ ಆದರೂ ಆ ತೂತು ನನಗೆ ಕಾಣುತ್ತದೆ.

ಎರಡನೇದು ಅವನದ್ದೇ ಆಗಬೇಕಿತ್ತು, ಅದೂ ನಿಜ. ಮೊದಲ ಸುತ್ತಿನಲ್ಲಿ ಚಂದ ಓಡಿದ. ಮುಂದೆ ಇಬ್ಬರು, ಅವರ ಹಿಂದೆ ಒಳಗಿನ ಗೆರೆ ಹಿಡಿದು ಇವನು, ಇವನ ಹೊರಗಡೆ ಭುಜಕ್ಕೆ ಭುಜ ನಾನು. ಕೊನೆಯ ಸುತ್ತಿನ ಗಂಟೆ ಹೊಡೆಯಿತು. ಹಿಂದಿನ ನೇರ ದಾರಿಗೆ ಬಂದೆವು. ಅಲ್ಲಿ ಶಿವಮೊಗ್ಗದ ಹುಡುಗ ಒಬ್ಬ ಹಿಂದಿನಿಂದ ಬಂದು ನಮ್ಮನ್ನೆಲ್ಲ ದಾಟಿ ಹೋದ. ನಿನ್ನ ಅಪ್ಪ ಅವನ ಹಿಂದೆ ಹೋಗಬೇಕು, ಹೋಗುವ ಶಕ್ತಿಯೂ ಇತ್ತು. ಆದರೆ ದಾರಿ ಇಲ್ಲ. ಮುಂದೆ ಆ ಇಬ್ಬರ ಗೋಡೆ, ಹೊರಗೆ ನಾನು. ನಾನು ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ಹೊರಗೆ ಬಂದುಬಿಡುತ್ತಿದ್ದ. ಅವನು ನನ್ನನ್ನು ತಿರುಗಿ ನೋಡಿದ. "ಬಿಡು ಮಾರಾಯ" ಅಂತ ಬಾಯಿ ಬಿಟ್ಟು ಹೇಳಿದ. ನಾನು ಬಿಡಲಿಲ್ಲ. ಓಟದಲ್ಲಿ ಯಾರು ಬಿಡುತ್ತಾರೆ? ಹತ್ತಿಪ್ಪತ್ತು ಮೀಟರ್ ಅಲ್ಲೇ ಹೋಯಿತು. ಆಮೇಲೆ ನಾನೇ ಸುಸ್ತಾಗಿ ಹಿಂದೆ ಬಿದ್ದೆ. ಅವನು ಹೊರಗೆ ಬಂದು ಅಟ್ಟಿಸಿಕೊಂಡು ಹೋದ. ಮುಂದಿದ್ದ ಇಬ್ಬರಲ್ಲಿ ಒಬ್ಬನನ್ನು ದಾಟಿದ. ಇನ್ನೊಬ್ಬನಿಗೂ ಅವನಿಗೂ ಕೊನೆಗೆ ಒಂದು ಮಾರು.

ಆ ಹುಡುಗ ಬರೆದಿದ್ದಾನಲ್ಲ, ಸರ್ ಆಚೆ ಬದಿ ನಿಂತು ಇಲ್ಲಿ ಇಲ್ಲಿ ಅನ್ನುತ್ತಿದ್ದರು ಅಂತ. ಮಗ ಅದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಹೊರಗೆ ಹೋಗಿ ಬಂದೆ.

ಇನ್ನು ಟೈಮು. 1.58.4 ಅಂತ ಮೈಕಿನಲ್ಲಿ ಹೇಳಿದ್ದು ನಿಜ, ಆದರೆ ಅದು ಗೆದ್ದ ಶಿವಮೊಗ್ಗದವನದ್ದು. ಮೂರನೆಯವನಿಗೆ ವಾಚ್ ಹಿಡಿದವರು ಯಾರೂ ಇರಲಿಲ್ಲ. ಸರ್ಟಿಫಿಕೇಟಿನಲ್ಲಿ ಟೈಮ್ ಬರೆಯುವ ಪದ್ಧತಿಯೂ ಇರಲಿಲ್ಲ. ಅವನು ಎರಡು ನಿಮಿಷದ ಒಳಗೆ ಬಂದನಾ ಅಂತ ನೀನು ಕೇಳಿದರೆ, ಬಂದಿರಬಹುದು. ಅವನಿಗೂ ಗೊತ್ತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹತ್ತಿರ ಮಡಿಕೇರಿ ತನಕ ಮಾತಾಡಲಿಲ್ಲ. ಮಡಿಕೇರಿಯಲ್ಲಿ ಚಾ ಕುಡಿಯುವಾಗ "ನಿನಗೆ ಎಷ್ಟು ಆಗಿರಬಹುದು?" ಅಂತ ಕೇಳಿದ. ನನಗೆ ಎಷ್ಟು ಅಂತ ಗೊತ್ತಾದರೆ ಅದರಿಂದ ಕಳೆದು ತನ್ನದನ್ನು ತಿಳಿಯೋಣ ಅಂತ.

ಅವನು ಮುಂಬಯಿಗೆ ಹೋದ, ನಾನು ಇಲ್ಲಿಗೆ ಬಂದೆ. ಅವನ ತಂದೆ ಬೇಗ ಹೋದರು, ತಂಗಿಯರ ಮದುವೆ ಎಲ್ಲ ಅವನ ಮೇಲೆ ಬಿತ್ತು ಅಂತ ಕೇಳಿದ್ದೆ. ಒಂದೇ ಸಲ ಸಿಕ್ಕಿದ್ದ, ಕೊಂಕಣ ರೈಲು ಶುರುವಾದ ಮೇಲೆ, ಮಡಗಾಂವ್ ಸ್ಟೇಷನ್ನಿನಲ್ಲಿ. ಗಾಡಿ ನಿಂತಷ್ಟು ಹೊತ್ತು. ಕುತ್ತಿಗೆಯಲ್ಲಿ ಲಾಡಿ ಕಟ್ಟಿದ ವಾಚು. ಮಗನಿಗೆ ದಮ್ಮು ಈಗ ವಾಸಿ ಅಂದ. ಓಟದ ಮಾತು ಇಬ್ಬರೂ ಎತ್ತಲಿಲ್ಲ.

ಡೊಂಬಿವಲಿ ಮಗಳು

ಮಾವ, ಇದನ್ನು ಎರಡು ಸಲ ಓದಿದೆ. ಆಮೇಲೆ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಬನಿಯನ್ನಿನ ತೂತಿನ ಹತ್ತಿರ ಬಂದಾಗ ನಕ್ಕಳು, "ಮದುವೆ ಆದ ಮೇಲೂ ಹಾಗೇ ಇದ್ದವು" ಅಂತ. ಕೊನೆಗೆ ಕಣ್ಣು ಒರೆಸಿಕೊಂಡು "ಮೂರನೇದು ಅಂತಲೇ ಹಾಕು. ನಾನು ಒಪ್ಪಿದ್ದು ಮೂರನೇದಕ್ಕೆ" ಅಂದಳು.

ಟೈಮ್ ಹಾಕುವುದಿಲ್ಲ. ನಿಮ್ಮ ಮೇಲೆ ನಮಗೇನೂ ಸಿಟ್ಟಿಲ್ಲ ಮಾವ. ಆದರೆ ಆ ಒಂದು ಹೆಜ್ಜೆ ಬಿಡಬಹುದಿತ್ತು.

ಕಾಪು ಲೈಟ್‌ಹೌಸ್, ಮಡಗಾಂವ್

ಬಿಡಬಹುದಿತ್ತು.

ಚೆಕ್‌ನಾಕಾ ಚೆನ್ನ, ಮುಲುಂಡ್

ಹಾಗಾದ್ರೆ ಬಹುಮಾನ ಮೂರನೇದು ಬಂದವರಿಗೇ ಕೊಡಿ ಅಕ್ಕ! ಎಲ್ಲೂ ಇಲ್ಲದ ಹೊಸ ಪದ್ಧತಿ.

ಪೀಟಿ ಮಾಷ್ಟ್ರು, ಸಾಯನ್

ಚೆನ್ನಪ್ಪಾ, ಮಕ್ಕಳನ್ನು ನೀನು ನೋಡಿಲ್ಲ. ಮೂರನೆಯವರಿಗೆ ದುಡ್ಡು ಅಂದರೆ ಕೊನೆಯ ಹತ್ತು ಮೀಟರಿನಲ್ಲಿ ಎಲ್ಲರೂ ನಿಂತುಬಿಡುತ್ತಾರೆ, ನೀನು ಹೋಗು ನೀನು ಹೋಗು ಅಂತ. ಮೂವರಿಗೂ ಸಮ ಕೊಡಿ.

ಅದಕ್ಕಿಂತ ದೊಡ್ಡ ವಿಷಯ ಮೈದಾನ. ನೇಪಿಯನ್ ಸೀ ರೋಡಿನ ಪ್ರಿಯದರ್ಶಿನಿ ಪಾರ್ಕಿನಲ್ಲಿ 400 ಮೀಟರಿನ ಒಳ್ಳೆ ಟ್ರ್ಯಾಕ್ ಇದೆ, ಆದರೆ ಡೊಂಬಿವಲಿಯಿಂದ ಮಕ್ಕಳನ್ನು ಅಲ್ಲಿಗೆ ಸಾಗಿಸುವುದು ಯಾರು? ನಿಮ್ಮ ಮೈದಾನದಲ್ಲೇ 200 ಮೀಟರಿನ ಟ್ರ್ಯಾಕ್ ಹಾಕೋಣ. ನಾಲ್ಕು ಸುತ್ತು ಓಡಲಿ. ನೇರ ದಾರಿ 50 ಮೀಟರಿನದು ಎರಡು, ಅರ್ಧ ವೃತ್ತ 50 ಮೀಟರಿನದು ಎರಡು. ಓಡುವ ದಾರಿಯ ತ್ರಿಜ್ಯ 15.92 ಮೀಟರ್ ಬರುತ್ತದೆ. ಸುಣ್ಣದ ಗೆರೆ ಮಾತ್ರ 15.72ಕ್ಕೆ ಎಳೆಯಬೇಕು. ಓಡುವವನು ಗೆರೆಯ ಮೇಲೆ ಓಡುವುದಿಲ್ಲ, 20 ಸೆಂಟಿಮೀಟರ್ ಹೊರಗೆ ಓಡುತ್ತಾನೆ ಅಂತ ಲೆಕ್ಕ. ಅದನ್ನು ಮರೆತು ಗೆರೆಯನ್ನೇ 15.92ಕ್ಕೆ ಎಳೆದರೆ ನಾಲ್ಕು ಸುತ್ತಿಗೆ ಸುಮಾರು 5 ಮೀಟರ್ ಜಾಸ್ತಿ ಓಡಿಸಿದ ಹಾಗೆ. ಒಂದು ಮಾರಿಗೆ ಐವತ್ತು ವರ್ಷ ಕೊರಗಿದ ಕಥೆ ಈಗಷ್ಟೇ ಕೇಳಿದ್ದೀರಿ.

ನೈಲಾನ್ ಹಗ್ಗ ತರಬೇಡಿ. ಎಳೆದಂತೆ ಹಿಗ್ಗುತ್ತದೆ. ಸ್ಟೀಲ್ ಟೇಪ್ ಬೇಕು. ಎರಡು ಕಬ್ಬಿಣದ ಗೂಟ, ಸುಣ್ಣ ಎರಡು ಚೀಲ, ಒಂದು ಗಂಟೆ. ಗಂಟೆ ಸಿಗದಿದ್ದರೆ ಹೋಟೆಲಿನ ತಟ್ಟೆ ಸೌಟು ನಡೆಯುತ್ತದೆ. ಶುರುವಿನ ಗೆರೆ ನೆಟ್ಟಗೆ ಬೇಡ, ಬಿಲ್ಲಿನ ಹಾಗೆ ಬಾಗಿರಲಿ. ನಾನು ಹಿಂದಿನ ದಿನವೇ ಬರುತ್ತೇನೆ. ಊಟ ಮೀನಿನದ್ದಾಗಿದ್ದರೆ ಒಳ್ಳೆಯದು.

ಬಿ ವಿಂಗ್ ಹುಡುಗ, ಈಗ ಠಾಣೆ

ಸ್ಟೀಲ್ ಟೇಪ್ ನಾನು ತರುತ್ತೇನೆ, ಸೈಟಿನಲ್ಲಿ ಇದೆ, 30 ಮೀಟರಿನದು. ಪಂಪನ್ನೂ ತರುತ್ತೇನೆ.

ಡೊಂಬಿವಲಿ ಮಗಳು

(ಮೂರು ವಾರದ ನಂತರ)

ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ. ಭಾನುವಾರ ಓಟ ಆಯಿತು. ಹದಿನಾರರ ಒಳಗಿನ ಹುಡುಗರು ಒಂಬತ್ತು ಜನ, ಹುಡುಗಿಯರು ಐದು. ಹುಡುಗರು ಮೊದಲ ಸುತ್ತನ್ನು ನೂರು ಮೀಟರ್ ಅಂದುಕೊಂಡೇ ಓಡಿದರು, ಎಲ್ಲರ ಬಾಯಿಯೂ ಗೇಟಿನಷ್ಟು ತೆರೆದಿತ್ತು. ಮೂರನೇ ಸುತ್ತಿಗೆ ಇಬ್ಬರು ನಡೆಯುತ್ತಿದ್ದರು, ಒಬ್ಬ ನೀರು ಕುಡಿಯಲು ಹೋಗಿ ವಾಪಸ್ ಬರಲಿಲ್ಲ. ಹುಡುಗಿಯರು ಬುದ್ಧಿವಂತರು, ಒಟ್ಟಿಗೆ ಓಡಿ ಕೊನೇ ಸುತ್ತಿನಲ್ಲಿ ಮಾತ್ರ ಜಗಳವಾಡಿದರು.

ತಮ್ಮ ಆಚೆ ಬದಿ ಹೋಗಿ ನಿಂತ. ಗುಲ್‌ಮೊಹರ್ ಈಗ ಇಲ್ಲ, ಅಲ್ಲಿ ನೀರಿನ ಟ್ಯಾಂಕ್ ಬಂದಿದೆ. ಅವನು ಏನು ಕೂಗಿದ ಅಂತ ನಮಗೆ ಈ ಕಡೆ ಕೇಳಲಿಲ್ಲ.

ಮಡಗಾಂವ್ ಮಾವ ಹಿಂದಿನ ರಾತ್ರಿಯ ಟ್ರೇನಿಗೆ ಬಂದಿದ್ದರು. ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತರು. ಬಹುಮಾನ ಕೊಟ್ಟದ್ದು ಅವರೇ. ಹುಡುಗರಲ್ಲಿ ನಾಲ್ಕನೆಯವನನ್ನೂ ಕರೆದು ತಮ್ಮ ಜೇಬಿನಿಂದ ಏನೋ ಕೊಟ್ಟರು. ಎಷ್ಟು ಅಂತ ಇಬ್ಬರೂ ಹೇಳಲಿಲ್ಲ.

ಪೀಟಿ ಮಾಷ್ಟ್ರು, ಸಾಯನ್

ಟೈಮ್ ಯಾಕೆ ಬರೆದಿಲ್ಲ? ಗೆದ್ದ ಹುಡುಗ ನನ್ನ ಕಣ್ಣಳತೆಗೆ 2.20ರ ಆಸುಪಾಸು.

ಡೊಂಬಿವಲಿ ಮಗಳು

ವಾಚ್ ನನ್ನ ಮಗಳ ಕೈಯಲ್ಲಿತ್ತು ಮಾಷ್ಟ್ರೇ. ಬೆಳಿಗ್ಗೆಯಿಂದ ಲಾಡಿ ಕುತ್ತಿಗೆಗೆ ಹಾಕಿಕೊಂಡು ಮೆರೆಯುತ್ತಿದ್ದಳು. ಓಟ ಮುಗಿದ ಮೇಲೆ ಎಲ್ಲರೂ ಓಡಿ ಬಂದು ಎಷ್ಟು ಎಷ್ಟು ಅಂತ ಕೇಳಿದೆವು. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು. ಹುಡುಗರನ್ನು ನೋಡುವ ಗಡಿಬಿಡಿಯಲ್ಲಿ ಗುಂಡಿ ಒತ್ತಲು ಮರೆತುಬಿಟ್ಟಿದ್ದಾಳೆ. ಅಳಲು ಶುರು ಮಾಡಿದಳು. ಅಮ್ಮ ಹತ್ತಿರ ಕರೆದು "ಎರಡು ನಿಮಿಷ ಅಂತ ಹೇಳು, ಯಾರು ನೋಡ್ತಾರೆ" ಅಂದಳು.

ಅಂದಹಾಗೆ ಆ ಸ್ಟೀಲ್ ಟೇಪ್ ಯಾರ ಹತ್ತಿರ ಉಂಟು? ಬಿ ವಿಂಗ್‌ನವನು ಸೈಟಿಗೆ ಬೇಕು ಅಂತ ನಿನ್ನೆಯಿಂದ ಫೋನ್ ಮಾಡುತ್ತಿದ್ದಾನೆ.